ನಗುವೂ ಒಂದು ಸಾಕ್ಷಿಯೇ: ಶ್ವೇಯ್ಕ್ ಓದುವವರ ಪರವಾಗಿ

ಯುದ್ಧವನ್ನು ಕುರಿತ ದೊಡ್ಡ ಕೃತಿ ಗಂಭೀರವಾಗಿಯೇ ಇರಬೇಕು ಎಂಬ ನಂಬಿಕೆ ನಮ್ಮ ವಿದ್ವದ್ವಲಯದಲ್ಲಿ ಬಹುಕಾಲದಿಂದ ನೆಲೆಯೂರಿದೆ. ವೀರ, ಕರುಣ, ರೌದ್ರ, ಶಾಂತ, ಈ ನಾಲ್ಕರಲ್ಲಿ ಒಂದಾದರೂ ಇರದ ಯುದ್ಧಕಥನವನ್ನು ನಾವು ಸಾಹಿತ್ಯವೆಂದು ಒಪ್ಪಲು ಹಿಂಜರಿಯುತ್ತೇವೆ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಕನ್ನಡದಲ್ಲಿ ಓದಿದೆವು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು, ಅದೇ ಯುರೋಪಿನ ಇನ್ನೊಂದು ಬೃಹತ್ ಯುದ್ಧಕಾದಂಬರಿಯನ್ನು, ಅಂದರೆ ಯಾರೊಸ್ಲಾವ್ ಹಾಶೆಕ್ ಬರೆದ ಶ್ವೇಯ್ಕ್ ಎಂಬ ಸಿಪಾಯಿಯ ಕಥೆಯನ್ನು, ‘ಪ್ರಯಾಣದಲ್ಲಿ ಓದುವ ಪುಸ್ತಕ’ ಎಂದು ಪಕ್ಕಕ್ಕಿಡುತ್ತಾರೆ. ಏಳುನೂರಕ್ಕೂ ಹೆಚ್ಚು ಪುಟಗಳ ಈ ಕೃತಿಯನ್ನು ನಾನು ಇಂಗ್ಲಿಷ್ ಅನುವಾದದಲ್ಲಿ ಓದಿ ಅದರ ಬಗ್ಗೆ ಅಲ್ಲಲ್ಲಿ ಮಾತನಾಡತೊಡಗಿದ ಮೇಲೆ ಮೂರು ಆಕ್ಷೇಪಗಳು ಮತ್ತೆ ಮತ್ತೆ ಕಿವಿಗೆ ಬಿದ್ದಿವೆ. ಅವುಗಳಿಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ.

ಮೊದಲನೆಯ ಆಕ್ಷೇಪ: ಜೆಕ್ ಭಾಷೆಯ ಕೃತಿಯನ್ನು ಇಂಗ್ಲಿಷಿನ ಮೂಲಕ ಓದಿ ಸವಿದೆ ಎನ್ನುವುದು ಪರರು ಅಗಿದದ್ದನ್ನು ಉಂಡಂತೆ, ಕನ್ನಡದ ಅಧ್ಯಾಪಕನಿಗೆ ಅದು ತಕ್ಕುದಲ್ಲ. ಎರಡನೆಯದು ಜೈನಶಾಸ್ತ್ರ ಬಲ್ಲವರದು: ಹಾಸ್ಯವು ನೋಕಷಾಯ, ಕರ್ಮಬಂಧಕ್ಕೆ ಕಾರಣ, ಹಿಂಸೆಯ ಪ್ರಸಂಗದಲ್ಲಿ ನಗುವುದಂತೂ ಇಮ್ಮಡಿ ದೋಷ. ಮೂರನೆಯದು ಈ ಕಾಲದ ಗಟ್ಟಿ ದನಿಯ ಆಕ್ಷೇಪ: ಯುದ್ಧವನ್ನು ಗೇಲಿ ಮಾಡುವುದೆಂದರೆ ಪ್ರಾಣ ಕೊಟ್ಟ ಸೈನಿಕನನ್ನು ಗೇಲಿ ಮಾಡುವುದು. ಇವು ಮೂರೂ ಬೇರೆ ಬೇರೆ ದಿಕ್ಕಿನಿಂದ ಬಂದರೂ ಒಂದೇ ಕಡೆ ಸೇರುತ್ತವೆ. ಅಧಿಕಾರ ಗಂಭೀರವಾಗಿ ಹೇಳಿದ್ದನ್ನು ನಾವೂ ಗಂಭೀರವಾಗಿಯೇ ಕೇಳಬೇಕು ಎಂಬಲ್ಲಿಗೆ.

ಕೃತಿಯನ್ನು ಓದದವರಿಗಾಗಿ ಕೆಲವು ವಿವರಗಳು ಅವಶ್ಯ. ಹಾಶೆಕ್ ಹುಟ್ಟಿದ್ದು 1883ರಲ್ಲಿ, ಪ್ರಾಗ್ ನಗರದಲ್ಲಿ. ತೀರಿಕೊಂಡದ್ದು 1923ರ ಜನವರಿಯಲ್ಲಿ, ನಲವತ್ತು ತುಂಬುವ ಮುನ್ನ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ 91ನೆಯ ಪದಾತಿದಳದಲ್ಲಿ ಸಿಪಾಯಿಯಾಗಿ ಹೋಗಿ 1915ರಲ್ಲಿ ರಷ್ಯನ್ನರ ಸೆರೆಯಾದವನು. ಊರಿಗೆ ಮರಳಿದ ಮೇಲೆ 1921ರಿಂದ ಈ ಕಾದಂಬರಿಯನ್ನು ಬರೆಯತೊಡಗಿದ. ಮೂರು ಭಾಗ ಮುಗಿದು ನಾಲ್ಕನೆಯದು ನಡೆಯುತ್ತಿರುವಾಗಲೇ ಮರಣ ಬಂದಿತು. ಉಳಿದುದನ್ನು ಕಾರೆಲ್ ವಾನೆಕ್ ಎಂಬ ಇನ್ನೊಬ್ಬ ಲೇಖಕ ಮುಂದುವರಿಸಿದ. ಯೋಸೆಫ್ ಲಾಡಾನ ರೇಖಾಚಿತ್ರಗಳು ಆ ದುಂಡುಮುಖದ ಸಿಪಾಯಿಯನ್ನು ಜಗತ್ತಿಗೆಲ್ಲ ಪರಿಚಯಿಸಿದವು. 1926ರಲ್ಲಿ ಗ್ರೆಟೆ ರೈನರ್ ಜರ್ಮನ್ ಭಾಷೆಗೆ ತಂದರು. 1930ರಲ್ಲಿ ಪಾಲ್ ಸೆಲ್ವರ್ ಅವರ ಇಂಗ್ಲಿಷ್ ಅನುವಾದ ಬಹಳಷ್ಟು ಕತ್ತರಿಸಿಕೊಂಡು ಬಂದಿತು. ಪೂರ್ಣಪಾಠವನ್ನು ಇಂಗ್ಲಿಷಿಗೆ ಕೊಟ್ಟವರು, ಪ್ರಾಗ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಸೆಸಿಲ್ ಪ್ಯಾರೆಟ್, 1973ರಲ್ಲಿ.

ಕಥೆಯೆಂದು ಹೇಳುವುದಕ್ಕೆ ದೊಡ್ಡದೇನೂ ಇಲ್ಲ. ಸೇನೆಯೇ ‘ಬುದ್ಧಿಮಾಂದ್ಯ’ ಎಂದು ಪ್ರಮಾಣಪತ್ರ ಕೊಟ್ಟು ಹೊರಗಟ್ಟಿದ, ನಾಯಿಗಳಿಗೆ ಸುಳ್ಳು ವಂಶಾವಳಿ ಬರೆದು ಮಾರುವ ಶ್ವೇಯ್ಕ್, ಯುದ್ಧ ಆರಂಭವಾದೊಡನೆ ಮತ್ತೆ ಸೇನೆಗೆ ಸೇರುತ್ತಾನೆ. ಸಂಧಿವಾತದಿಂದ ನಡೆಯಲಾಗದೆ ಗಾಲಿಕುರ್ಚಿಯಲ್ಲಿ ಕುಳಿತು, ಊರುಗೋಲು ಬೀಸುತ್ತಾ, ಬೆಲ್‌ಗ್ರೇಡಿಗೆ ನಡೆಯಿರಿ ಎಂದು ಕೂಗುತ್ತಾ ಹೋಗುತ್ತಾನೆ. ಅದು ದೇಶಭಕ್ತಿಯೋ ಲೇವಡಿಯೋ ಪೊಲೀಸರಿಗೂ ತಿಳಿಯುವುದಿಲ್ಲ, ವೈದ್ಯರಿಗೂ ತಿಳಿಯುವುದಿಲ್ಲ, ಕಡೆಯವರೆಗೆ ಓದುಗನಿಗೂ ತಿಳಿಯುವುದಿಲ್ಲ. ಕೊಟ್ಟ ಆಜ್ಞೆಯನ್ನೆಲ್ಲ ಅಕ್ಷರಶಃ ಪಾಲಿಸುವುದು, ಗದರಿಸಿದವರಿಗೆಲ್ಲ ತನ್ನ ಊರಿನ ಯಾವನೋ ಒಬ್ಬನ ಉಪಾಖ್ಯಾನ ಹೇಳುವುದು, ಇವೆರಡೇ ಅವನ ಆಯುಧಗಳು. ಅಷ್ಟರಿಂದಲೇ ಒಂದು ಸಾಮ್ರಾಜ್ಯದ ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಚರ್ಚು ಒಂದೊಂದಾಗಿ ಬಯಲಾಗುತ್ತವೆ. ಚಕ್ರವರ್ತಿಯ ಚಿತ್ರಪಟವನ್ನು ನೊಣಗಳು ಹೊಲಸು ಮಾಡಿದವೆಂದು ಅದನ್ನು ಅಟ್ಟಕ್ಕೇರಿಸಿದೆ ಎಂದ ಮದ್ಯದಂಗಡಿಯವನಿಗೆ ಹತ್ತು ವರ್ಷ ಸೆರೆಮನೆ. ಸೇನೆಯ ಪಾದ್ರಿ ಮಾರಿಬಿಟ್ಟ ಸೋಫಾದೊಳಗೆ ರಣರಂಗದ ಪೂಜಾಪೀಠದ ಒಂದು ಭಾಗ ಸೇರಿಹೋಗಿ, ಅದನ್ನು ಹುಡುಕುವುದೇ ಒಂದು ಅಭಿಯಾನವಾಗುತ್ತದೆ.

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಅನುವಾದದ ಅನುವಾದವನ್ನು ಓದುವುದು ಓದಲ್ಲ ಎನ್ನುವವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಯಾವ ಕಡೆಯಿಂದ ಆರಂಭಿಸುತ್ತಾರೆ? ನಾನಿರುವ ಕುಸನೂರಿನಿಂದ ಮಳಖೇಡಕ್ಕೆ ಸುಮಾರು ಒಂದು ಗಂಟೆಯ ಹಾದಿ. ಅಲ್ಲಿ, ಅಂದಿನ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು, ಬಿಡುವುದನ್ನು ಬಿಟ್ಟು, ಸೇರಿಸುವುದನ್ನು ಸೇರಿಸಿ ಕಟ್ಟಿದ ಗ್ರಂಥ. 941ರಲ್ಲಿ ಪಂಪನು ಬರೆದ ಆದಿಪುರಾಣಕ್ಕೆ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣ ಆಧಾರ. ನಾಗವರ್ಮನ ಕಾದಂಬರಿಗೆ ಬಾಣನ ಕಾದಂಬರಿ ಆಧಾರ. ಅಪೂರ್ಣ ಕೃತಿಯನ್ನು ಓದಿ ಏನು ಫಲ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಜಿನಸೇನರು ಮಹಾಪುರಾಣವನ್ನು ಮುಗಿಸಲಿಲ್ಲ. ಶಿಷ್ಯ ಗುಣಭದ್ರರು ಮುಗಿಸಿದರು. ಬಾಣನೂ ಮುಗಿಸಲಿಲ್ಲ, ಮಗ ಮುಗಿಸಿದ. ಅದರಿಂದ ಆ ಕೃತಿಗಳನ್ನು ಯಾರೂ ಬದಿಗಿಟ್ಟಿಲ್ಲ.

ವಿಡಂಬನೆಯ ವಿಷಯದಲ್ಲಂತೂ ನಮ್ಮ ಉದಾಹರಣೆ ಇನ್ನೂ ಸ್ಪಷ್ಟ. ಹದಿನಾಲ್ಕನೆಯ ಶತಮಾನದ ವೃತ್ತವಿಲಾಸನ ಧರ್ಮಪರೀಕ್ಷೆಯನ್ನು ನೋಡಿ. ಜಯರಾಮನೆಂಬವನು ಪ್ರಾಕೃತ ಗಾಹೆಗಳಲ್ಲಿ ಬರೆದಿದ್ದ ಕಥೆಯನ್ನು ಹರಿಷೇಣನು 988ರಲ್ಲಿ ಅಪಭ್ರಂಶಕ್ಕೆ ತಂದ. 1014ರಲ್ಲಿ ಅಮಿತಗತಿ ಅದೇ ವಸ್ತುವನ್ನು ಸಂಸ್ಕೃತದಲ್ಲಿ ಬರೆದ. ಅಮಿತಗತಿಯಿಂದ ವೃತ್ತವಿಲಾಸನು ಕನ್ನಡಕ್ಕೆ ತಂದ. ಪ್ರಾಕೃತ, ಅಪಭ್ರಂಶ, ಸಂಸ್ಕೃತ, ಕನ್ನಡ ಎಂಬ ನಾಲ್ಕು ಭಾಷೆಗಳ ಮೆಟ್ಟಿಲು ಹತ್ತಿಳಿದು ಬಂದ ನಗು ಅದು. ಅದನ್ನು ಹಳಗನ್ನಡದ ಆಸ್ತಿಯೆಂದು ಪಾಠ ಹೇಳುವ ನಾವು, ಜೆಕ್‌ನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮ್ಮ ಮನಸ್ಸಿಗೆ ಬಂದ ನಗುವನ್ನು ಎಂಜಲು ಎನ್ನುವುದು ಹೇಗೆ? ಹೊಸಗನ್ನಡದ ಗದ್ಯವೂ ಹೀಗೆಯೇ ಬೆಳೆದದ್ದು. ಕೆಂಪುನಾರಾಯಣನ ಮುದ್ರಾಮಂಜೂಷವಾಗಲಿ, ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ತಂದ ಕಾದಂಬರಿಗಳಾಗಲಿ ಇಲ್ಲದಿದ್ದರೆ ಕನ್ನಡ ಕಾದಂಬರಿಗೆ ಓದುಗರೇ ಸಿದ್ಧವಾಗುತ್ತಿರಲಿಲ್ಲ.

ಅನುವಾದದಲ್ಲಿ ಏನೂ ಕಳೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಹಳ ಕಳೆಯುತ್ತದೆ. ಹಾಶೆಕ್‌ನ ಸಿಪಾಯಿಗಳು ಬೀದಿಯ ಜೆಕ್ ಮಾತನಾಡುತ್ತಾರೆ, ಅಧಿಕಾರಿಗಳು ಜರ್ಮನ್ ಬೆರೆಸಿ ಗದರಿಸುತ್ತಾರೆ. ಆ ಸೇನೆಯಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳನ್ನಾಡುವ ಜನರಿದ್ದು, ಅವರೆಲ್ಲರೂ ಎಂಬತ್ತರಷ್ಟು ಜರ್ಮನ್ ಆಜ್ಞಾಪದಗಳನ್ನು ಬಾಯಿಪಾಠ ಮಾಡಬೇಕಿತ್ತು. ಇಂಗ್ಲಿಷಿನಲ್ಲಿ ಇವರೆಲ್ಲರೂ ಒಂದೇ ಊರಿನವರಂತೆ ಕೇಳಿಸುತ್ತಾರೆ. ಆದರೆ ಕಲಬುರಗಿಯ ಓದುಗನು ಈ ಕೊರತೆಯನ್ನು ತಾನೇ ತುಂಬಿಕೊಳ್ಳಬಲ್ಲ. 1948ರವರೆಗೆ ಈ ನೆಲವನ್ನಾಳಿದ ಹೈದರಾಬಾದ್ ಸಂಸ್ಥಾನದ ಆಡಳಿತಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದು. ಹೊಲದಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಪಕ್ಕದ ಊರಿನಲ್ಲಿ ಮರಾಠಿ ಅಥವಾ ತೆಲುಗು, ಕಚೇರಿಯಲ್ಲಿ ಮಾತ್ರ ಪಾರಸಿ ತುಂಬಿದ ಉರ್ದು. ರೈತನು ಕೈಕಟ್ಟಿ ನಿಂತು ಕೇಳಿದ ಹುಕುಂ, ಫರ್ಮಾನು, ದರ್ಖಾಸ್ತು, ತಹಕೀಕು, ಜಪ್ತಿ ಎಂಬ ಪದಗಳಲ್ಲಿ ಎಷ್ಟೋ ಇಂದಿಗೂ ನಮ್ಮ ಮುದುಕರ ಬಾಯಲ್ಲಿವೆ. ತನ್ನದಲ್ಲದ ಭಾಷೆಯಲ್ಲಿ ಆಳಿಸಿಕೊಂಡವನು ಆ ಭಾಷೆಯ ಮುಂದೆ ತೀರ ವಿನಯವಂತನಾಗುತ್ತಾನೆ. ಆ ವಿನಯದೊಳಗೇ ತನ್ನ ಸ್ವಾತಂತ್ರ್ಯವನ್ನು ಅಡಗಿಸಿಕೊಳ್ಳುತ್ತಾನೆ. ಮೇಲಧಿಕಾರಿ ಎಷ್ಟೇ ಕೂಗಾಡಿದರೂ ಪ್ರತಿ ಮಾತಿಗೆ ಮುನ್ನ ವಿನಯದ ಒಕ್ಕಣೆಯನ್ನು ತಪ್ಪದೆ ಸೇರಿಸುವ ಶ್ವೇಯ್ಕ್‌ನನ್ನು ನಾನು ಓದುವಾಗ, ನನ್ನ ಕಿವಿಗೆ ಕೇಳಿಸುವುದು ‘ಹುಕುಂ ಆದಂಗೇ ಮಾಡೀನ್ರಿ ಸಾಹೇಬ್ರ, ಈಗ ಹಿಂಗಾಗ್ಯದ ನೋಡ್ರಿ’ ಎಂಬ ದನಿ. ಆದ್ದರಿಂದ ಈ ಕೃತಿಯನ್ನು ಕನ್ನಡಿಸಲು ಕೈಹಾಕುವವರಿಗೆ ನನ್ನ ಸೂಚನೆ ಒಂದೇ. ಶ್ವೇಯ್ಕ್‌ನ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವನ್ನಿಟ್ಟರೆ ಅವನು ಸತ್ತುಹೋಗುತ್ತಾನೆ. ಅವನಿಗೆ ನಮ್ಮ ಗಂಜ್ ಬಜಾರಿನ ಕನ್ನಡ ಕೊಡಿ, ಅವನ ಮೇಲಧಿಕಾರಿಗಳಿಗೆ ದಫ್ತರದ ಉರ್ದು ಬೆರೆಸಿದ ಕನ್ನಡ ಕೊಡಿ. ಅನಗತ್ಯ ಸಂಸ್ಕೃತವನ್ನು ಕನ್ನಡಕ್ಕೆ ಬೆರೆಸುವವರನ್ನು 1112ರಲ್ಲಿಯೇ ಗೇಲಿ ಮಾಡಿದ ಮುಳಗುಂದದ ನಯಸೇನನ ಪರಂಪರೆಗೆ ಇದು ಹೊರತಾದುದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗೌರವಕ್ಕೆ ಅರ್ಹವಾದುದು, ಏಕೆಂದರೆ ಅದು ಶಾಸ್ತ್ರದಿಂದ ಬಂದದ್ದು. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು ಸೇರಿ ನೋಕಷಾಯಗಳು ಒಂಬತ್ತು ಎಂಬುದು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ಬಲ್ಲವರಿಗೆಲ್ಲ ತಿಳಿದದ್ದೇ. ಹಾಸ್ಯವು ಚಾರಿತ್ರಮೋಹನೀಯ ಕರ್ಮದ ಒಂದು ಪ್ರಕೃತಿ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪಟ್ಟಿಯನ್ನು ಪೂರ್ತಿಯಾಗಿ ಓದಬೇಕು. ಹಾಸ್ಯದ ಪಕ್ಕದಲ್ಲೇ ಶೋಕವೂ ಇದೆ, ಭಯವೂ ಇದೆ. ಯುದ್ಧಕಥನವನ್ನು ಓದಿ ಕಣ್ಣೀರು ಹಾಕುವುದು ಸಮ್ಮತ, ನಗುವುದು ಅಸಮ್ಮತ ಎನ್ನಲು ಶಾಸ್ತ್ರದಲ್ಲಿ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ನೋ’ ಎಂಬ ಉಪಪದಕ್ಕೆ ಈಷತ್, ಅಂದರೆ ಅಲ್ಪ ಎಂದು ಅರ್ಥ. ನಿಜವಾದ ಕಷಾಯಗಳು ಕ್ರೋಧ, ಮಾನ, ಮಾಯೆ, ಲೋಭ. ನಾವು ತಲೆತಲಾಂತರದಿಂದ ಎದೆಯುಬ್ಬಿಸಿ ಓದಿಕೊಂಡು ಬಂದ ವೀರರಸ ನಿಂತಿರುವುದು ಯಾವುದರ ಮೇಲೆ? ಕ್ರೋಧ ಮತ್ತು ಮಾನದ ಮೇಲೆ. ಗದಾಪ್ರಹಾರದ ಪ್ರಸಂಗವನ್ನು ತರಗತಿಯಲ್ಲಿ ಏರುದನಿಯಿಂದ ವಾಚಿಸಿ ಮಹಾಕಷಾಯವನ್ನು ಉದ್ದೀಪಿಸುವವರು, ಒಬ್ಬ ಸಿಪಾಯಿಯ ಪೆದ್ದುತನಕ್ಕೆ ನಕ್ಕವರಿಗೆ ಅಲ್ಪಕಷಾಯದ ದೋಷ ಹೊರಿಸುವುದು ನ್ಯಾಯವಲ್ಲ. ಕಷಾಯಗಳನ್ನು ಇಳಿಸುವುದೇ ಗುರಿಯಾದರೆ, ಮಾನಕಷಾಯವನ್ನು ಇಳಿಸುವ ಶಕ್ತಿ ವಿಡಂಬನೆಗೆ ಇರುವಷ್ಟು ವೀರಕಾವ್ಯಕ್ಕಿಲ್ಲ.

ಯುದ್ಧದ ಮಾನವನ್ನು ಇಳಿಸುವ ಕಥೆ ನಮ್ಮ ಪುರಾಣದ ನಡುಮನೆಯಲ್ಲೇ ಇದೆ. ಭರತ-ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ನಡುವೆ ಬಂದರು. ಜಗಳ ಅಣ್ಣತಮ್ಮಂದಿರದು, ಸೈನ್ಯವೇಕೆ ಸಾಯಬೇಕು? ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಈ ಪ್ರಸಂಗವನ್ನು ನಾವು ಬಾಹುಬಲಿಯ ವೈರಾಗ್ಯಕ್ಕೆ ಮುನ್ನುಡಿ ಎಂದಷ್ಟೇ ಓದುತ್ತೇವೆ. ನಿಂತು ಯೋಚಿಸಿದರೆ ಇದರಲ್ಲಿ ಎಂಥ ಕಟು ವಿವೇಕವಿದೆ! ಷಟ್ಖಂಡವನ್ನು ಗೆದ್ದ ಚಕ್ರವರ್ತಿ ಎವೆಯಿಕ್ಕದೆ ನೋಡುವ ಪಂದ್ಯದಲ್ಲಿ ಸೋಲುತ್ತಾನೆ, ನೀರೆರಚುವ ಪಂದ್ಯದಲ್ಲಿ ಸೋಲುತ್ತಾನೆ. ಸೈನ್ಯವನ್ನು ಬದಿಗೆ ಸರಿಸಿದೊಡನೆ ಸಾಮ್ರಾಜ್ಯದ ವ್ಯಾಜ್ಯ ಕೆರೆದಂಡೆಯ ಹುಡುಗರ ಆಟದ ಅಳತೆಗೆ ಇಳಿಯುತ್ತದೆ. ಬಾಹುಬಲಿಯ ಆ ಮಹಾಮೂರ್ತಿಯನ್ನು ಸು. 981ರಲ್ಲಿ ಶ್ರವಣಬೆಳಗೊಳದಲ್ಲಿ ಮಾಡಿಸಿದವನು ಯಾರು? ಗಂಗರ ದಂಡನಾಯಕ ಚಾವುಂಡರಾಯ. ಯುದ್ಧವನ್ನು ಒಳಗಿನಿಂದ ಕಂಡ ಸೇನಾಪತಿಯೇ, ಗೆದ್ದ ಯುದ್ಧವನ್ನು ಬಿಟ್ಟು ಹೋದವನ ಮೂರ್ತಿಯನ್ನು ನಿಲ್ಲಿಸಿದ. ಹಾಶೆಕ್ ಕೂಡ ಯುದ್ಧವನ್ನು ಒಳಗಿನಿಂದ ಕಂಡವನು. ಒಬ್ಬನು ವೈರಾಗ್ಯದ ದಾರಿ ಹಿಡಿದ, ಇನ್ನೊಬ್ಬನು ನಗೆಯ ದಾರಿ ಹಿಡಿದ. ಎರಡು ದಾರಿಗಳೂ ಒಂದೇ ಎಂದು ನಾನು ಹೇಳಲಾರೆ. ಆದರೆ ಅವೆರಡೂ ಯುದ್ಧದ ಅಹಂಕಾರದಿಂದ ದೂರ ಸರಿಯುವ ದಾರಿಗಳೇ.

ಇಲ್ಲಿ ನಮ್ಮವರಿಗೇ ಒಂದು ಮಾತು ಹೇಳಬೇಕಾಗಿದೆ. ಬ್ರಹ್ಮಶಿವನ ಸಮಯಪರೀಕ್ಷೆ, ವೃತ್ತವಿಲಾಸನ ಧರ್ಮಪರೀಕ್ಷೆ ಇವುಗಳನ್ನು ವಿಡಂಬನೆಯ ಮಾದರಿಗಳೆಂದು ಮೆಚ್ಚುವಾಗ ಅವುಗಳ ಮಿತಿಯನ್ನೂ ಕಾಣಬೇಕು. ಧರ್ಮಪರೀಕ್ಷೆಯಲ್ಲಿ ಮನೋವೇಗನು ಹುಲ್ಲು ಕಟ್ಟಿಗೆ ಮಾರುವವನ ವೇಷದಲ್ಲಿ ಪಾಟಲಿಪುತ್ರಕ್ಕೆ ಹೋಗಿ, ವಾದಕ್ಕೆ ಕರೆಯುವ ಭೇರಿಯನ್ನು ಬಾರಿಸಿ, ಚಿನ್ನದ ಪೀಠದ ಮೇಲೆ ಕುಳಿತು, ಅಸಂಭವವಾದ ಕಥೆಗಳನ್ನು ಹೇಳುತ್ತಾನೆ. ಪಂಡಿತರು ಒಪ್ಪದಿದ್ದಾಗ ಅವರ ಗ್ರಂಥಗಳಿಂದಲೇ ಅಂಥವನ್ನು ತೆಗೆದು ತೋರಿಸುತ್ತಾನೆ. ಪೆದ್ದನ ವೇಷ, ಕಥೆಯ ಮೇಲೆ ಕಥೆ, ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದು, ಇವೆಲ್ಲ ಶ್ವೇಯ್ಕ್‌ನ ತಂತ್ರಗಳೇ. ವ್ಯತ್ಯಾಸವಿರುವುದು ಬೇರೆಡೆ. ನಮ್ಮ ಕವಿಗಳು ನಕ್ಕದ್ದು ಪರಮತವನ್ನು ಕಂಡು. ಹಾಶೆಕ್ ನಕ್ಕದ್ದು ತನ್ನನ್ನೇ ಆಳುವ ಪ್ರಭುತ್ವವನ್ನು, ತನ್ನದೇ ಸೇನೆಯನ್ನು, ತನ್ನ ನೆರೆಹೊರೆಯವರ ಹೇಡಿತನವನ್ನು ಕಂಡು. ಪರರನ್ನು ನೋಡಿ ನಗುವುದಕ್ಕೆ ಪಾಂಡಿತ್ಯ ಸಾಕು. ತನ್ನವರನ್ನು ನೋಡಿ ನಗುವುದಕ್ಕೆ ಧೈರ್ಯ ಬೇಕು. ಈ ಎರಡನೆಯ ಬಗೆಯ ನಗುವನ್ನು ಕಲಿಯಲು ನಾವು ಪ್ರಾಗ್‌ವರೆಗೆ ಹೋಗಬೇಕಾದರೆ ಹೋಗೋಣ.

ಮೂರನೆಯ ಆಕ್ಷೇಪ: ಇದು ಸೈನಿಕನಿಗೆ ಅವಮಾನ. ಈ ಮಾತನ್ನು ಹೇಳುವವರು ಪುಸ್ತಕವನ್ನು ತೆರೆದಿಲ್ಲವೆಂದೇ ನಾನು ಭಾವಿಸುತ್ತೇನೆ. ಈ ಕಾದಂಬರಿಯಲ್ಲಿ ಅವಮಾನಕ್ಕೊಳಗಾಗುವವನು ಸಿಪಾಯಿಯಲ್ಲ. ಸಿಪಾಯಿಯನ್ನು ಲೆಕ್ಕದ ಪುಸ್ತಕದ ಅಂಕಿಯಾಗಿ ಕಾಣುವವರು ಇಲ್ಲಿ ಬೆತ್ತಲಾಗುತ್ತಾರೆ. ರೋಗಿಗಳನ್ನೆಲ್ಲ ಕಪಟಿಗಳೆಂದು ತೀರ್ಮಾನಿಸಿ, ಹೊಟ್ಟೆ ತೊಳೆದು, ಉಪವಾಸ ಕೆಡವಿ ರಣರಂಗಕ್ಕೆ ಕಳುಹಿಸುವ ವೈದ್ಯ. ಸೈನಿಕರ ಶೌಚಗುಂಡಿಯ ಶಿಸ್ತಿನಲ್ಲಿ ಸಾಮ್ರಾಜ್ಯದ ವಿಜಯವನ್ನು ಕಾಣುವ ಸೇನಾನಿ. ಸದಾ ಹಸಿದ ಬಲೂನ್ ಎಂಬ ಬಡ ಗಿರಣಿಯವನು ಅಧಿಕಾರಿಯ ಊಟದಿಂದ ಕದ್ದಾಗ ಧರ್ಮಭ್ರಷ್ಟನೆನ್ನುವವರು. ಜೈನಶಾಸ್ತ್ರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ತನ್ನ ನಾಡನ್ನು ಕಾಯುವ ಗೃಹಸ್ಥನ ವಿರೋಧಿ ಹಿಂಸೆಯನ್ನು ಸಂಕಲ್ಪಿ ಹಿಂಸೆಯಿಂದ ಬೇರೆಯಾಗಿಯೇ ಇಟ್ಟಿದೆ. ಈ ವಿವೇಕ ಉಳ್ಳವನಿಗೆ ಗಡಿಯಲ್ಲಿ ನಿಂತವನ ಮೇಲೆ ಅಗೌರವ ಹುಟ್ಟಲು ಸಾಧ್ಯವಿಲ್ಲ. ನಮ್ಮ ಕಾಲೇಜುಗಳ ಬೆಂಚುಗಳಿಂದ ಎದ್ದು ಸೇನೆಗೆ ಸೇರಿದ ಹುಡುಗರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮಳೆ ನಂಬಿದ ತೊಗರಿ ಹೊಲದ ಮನೆಗಳಿಂದ ಬಂದವರು. ಅವರನ್ನು ಗೌರವಿಸುವ ಮಾರ್ಗ, ಹವಾನಿಯಂತ್ರಿತ ಸ್ಟುಡಿಯೋದಲ್ಲಿ ಕುಳಿತು ಮೇಜು ಗುದ್ದಿ ದಿನಕ್ಕೊಂದು ರಾಜಧಾನಿಯನ್ನು ಗೆಲ್ಲುವವರ ಮಾತನ್ನು ನಂಬುವುದಲ್ಲ. ಅಂಥ ಮಾತನ್ನು ಕೇಳಿದಾಗ ನಗು ಬರುವಂತೆ ಮನಸ್ಸನ್ನು ತರಬೇತುಗೊಳಿಸುವುದು ಅವರಿಗೆ ಸಲ್ಲಿಸುವ ಗೌರವ.

ಕಾದಂಬರಿಯ ಒಂದು ಪ್ರಸಂಗ ಕನ್ನಡ ವಿದ್ವಾಂಸರಿಗೆಂದೇ ಬರೆದಂತಿದೆ. ಮಾರೆಕ್ ಎಂಬ ವಿದ್ಯಾವಂತ ಸಿಪಾಯಿಯನ್ನು ದಳದ ಇತಿಹಾಸಕಾರನನ್ನಾಗಿ ನೇಮಿಸುತ್ತಾರೆ. ಅವನು ದಳವು ರಣರಂಗ ತಲಪುವ ಮುನ್ನವೇ ಅದರ ವಿಜಯಗಳನ್ನು ಬರೆದು ಮುಗಿಸತೊಡಗುತ್ತಾನೆ. ಎದುರಿಗೆ ಕುಳಿತು ಊಟದ ಚಿಂತೆ ಮಾಡುತ್ತಿರುವ ಸಂಗಡಿಗರಿಗೆ ಅವರವರ ವೀರಮರಣವನ್ನು ಓದಿ ಹೇಳುತ್ತಾನೆ. ಈ ಪುಟಗಳನ್ನು ಓದಿದವನು ನಮ್ಮ ಪ್ರಶಸ್ತಿಶಾಸನಗಳನ್ನು ಮತ್ತೆ ಹಳೆಯ ಕಣ್ಣಿನಿಂದ ನೋಡಲಾರ. ಅರಿಕೇಸರಿಯನ್ನು ಅರ್ಜುನನೊಡನೆ, ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿದ ಕವಿಗಳೂ ಒಂದರ್ಥದಲ್ಲಿ ದಳದ ಇತಿಹಾಸಕಾರರೇ. ಆದರೆ ಪಂಪನು ಕರ್ಣನಿಗೆ ಮಿಡಿದ. ರನ್ನನು ತನ್ನ ಪ್ರಭುವಿನ ಪಾತ್ರಕ್ಕೆ ಎದುರಾಳಿಯಾದ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿ ಅವನಿಗೆ ಘನತೆ ಕೊಟ್ಟ. ಆಸ್ಥಾನದ ಗಾಂಭೀರ್ಯದೊಳಗೆ ಅವರು ಬಿಟ್ಟ ಬಿರುಕುಗಳನ್ನು ಗುರುತಿಸಲು ಮಾರೆಕ್‌ನ ಪ್ರಸಂಗ ನನಗೆ ನೆರವಾಗಿದೆ. ಹೊರಗಿನ ಕೃತಿಯನ್ನು ಓದುವುದರಿಂದ ಒಳಗಿನ ಕೃತಿ ಬೆಳಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇಷ್ಟಕ್ಕೂ ಆ ಮಹಾಯುದ್ಧ ನಮಗೆ ಹೊರಗಿನದಲ್ಲ. ಅದೇ ಯುದ್ಧದಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಅಶ್ವಾರೋಹಿಗಳು ಒಂದೇ ದಳದಲ್ಲಿದ್ದು, ಆಸ್ಟ್ರಿಯಾದ ಮಿತ್ರನಾದ ತುರ್ಕಿಯ ವಿರುದ್ಧ ಪಶ್ಚಿಮ ಏಷ್ಯಾದಲ್ಲಿ ಹೋರಾಡಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಹೈಫಾ ನಗರವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಆ ಮೂರು ಸಂಸ್ಥಾನಗಳ ಸೈನಿಕರ ನೆನಪಿಗೆ ನಿಂತವು. ಶ್ವೇಯ್ಕ್ ತನ್ನದಲ್ಲದ ಚಕ್ರವರ್ತಿಗಾಗಿ ಹೋದಂತೆಯೇ ನಮ್ಮವರೂ ತಮ್ಮದಲ್ಲದ ಚಕ್ರವರ್ತಿಗಾಗಿ ಹೋದರು. ಅವರಿಗೆ ಪ್ರತಿಮೆ ಸಿಕ್ಕಿತು. ಆದರೆ ಅವರು ಹಡಗಿನಲ್ಲಿ ಏನು ಮಾತಾಡಿಕೊಂಡರು, ಯಾರನ್ನು ಬಯ್ದರು, ಯಾವುದಕ್ಕೆ ನಕ್ಕರು ಎಂಬುದು ಪ್ರತಿಮೆಯಿಂದ ತಿಳಿಯುವುದಿಲ್ಲ. ಅದು ತಿಳಿಯುವುದು ಕಾದಂಬರಿಯಿಂದ.

ಇನ್ನೂ ಹತ್ತಿರದ ಸಂಗತಿ 1948ರದು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದಿತು. 17ರಂದು ನಿಜಾಮರು ಕದನ ನಿಲ್ಲಿಸಿದರು. ಮರುದಿನ ಅವರ ಸೇನೆ ಶರಣಾಯಿತು. ಟ್ಯಾಂಕುಗಳೂ ವಿಮಾನಗಳೂ ಪಾಲ್ಗೊಂಡ ಈ ಯುದ್ಧಕ್ಕೆ ಸರಕಾರಿ ದಾಖಲೆ ಕೊಟ್ಟ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಸಂಸ್ಥಾನದ ವಿಲೀನ ನ್ಯಾಯವಾದುದು, ಅನಿವಾರ್ಯವಾದುದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬಲ್ಲ ಯಾರಿಗೂ ಸಂಶಯ ಬರಲಾರದು. ಆದರೆ ಕಾರ್ಯಾಚರಣೆ ಮುಗಿದ ಮೇಲೆ ನಿರಪರಾಧಿ ಮುಸಲ್ಮಾನ ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನು ಕುರಿತು ಪಂಡಿತ ಸುಂದರಲಾಲ್ ಅವರ ನಿಯೋಗ ಕೊಟ್ಟ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಹೆಚ್ಚು ಬಾಧೆಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಬೀದರವೂ ಇದ್ದವು. ಪ್ರತಿವರ್ಷ ಸೆಪ್ಟೆಂಬರ್ 17ರಂದು ನಾವು ಧ್ವಜಾರೋಹಣ ಮಾಡುತ್ತೇವೆ. ಹಿಂದೆ ಅದು ವಿಮೋಚನಾ ದಿನ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಭಾಷಣಗಳು ಗಂಭೀರವಾಗಿರುತ್ತವೆ. ಒಂದು ವೇದಿಕೆಯಲ್ಲಿ ಒಂದು ಅರ್ಧ, ಇನ್ನೊಂದು ಮನೆಯಲ್ಲಿ ಇನ್ನೊಂದು ಅರ್ಧ, ಹೀಗೆ ನಮ್ಮ ನೆನಪು ಎರಡು ತುಂಡಾಗಿದೆ.

ಸತ್ತವರನ್ನು ಕುರಿತು ನಗೆಯ ಕಥೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಶೆಕ್ ಕೂಡ ಹಾಗೆ ಬರೆಯಲಿಲ್ಲ. ಅವನ ನಗೆಯ ಗುರಿ ಸಾವಿಗೆ ಬೇರೆ ಹೆಸರು ಕೊಡುವ ಕಡತ. ಯುದ್ಧವನ್ನು ಪೊಲೀಸ್ ಕೆಲಸವೆನ್ನುವ ಕಡತ, ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಕಡತ, ನಿನ್ನೆ ರಜಾಕಾರರಿಗೆ ಸಲಾಮು ಹೊಡೆದು ಇಂದು ವಿಮೋಚನೆಯ ಮೆರವಣಿಗೆಯ ಮುಂದೆ ನಿಂತವರ ಕಡತ. ಶ್ವೇಯ್ಕ್‌ನಂಥ ಒಬ್ಬ ಜವಾನ ಆ ದಿನಗಳ ಕಚೇರಿಯೊಂದರಲ್ಲಿ ನಿಂತು, ಎರಡೂ ಸರಕಾರಗಳ ಆಜ್ಞೆಗಳನ್ನು ಒಂದೇ ನಿಷ್ಠೆಯಿಂದ ಅಕ್ಷರಶಃ ಪಾಲಿಸಿದ್ದರೆ, ಆ ಕಥೆಯಲ್ಲಿ ಎರಡು ಅರ್ಧಗಳೂ ಒಂದೇ ಪುಟದಲ್ಲಿ ಕಾಣುತ್ತಿದ್ದವು. ಗಂಭೀರ ಇತಿಹಾಸ ಪಕ್ಷ ವಹಿಸಿ ಬಿಟ್ಟುಬಿಟ್ಟದ್ದನ್ನು ನಗು ತನ್ನ ಪೆದ್ದು ಮುಖದಿಂದ ಎತ್ತಿ ತೋರಿಸುತ್ತದೆ. ನಗುವೂ ಒಂದು ಸಾಕ್ಷಿ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಕೃತಿಯಲ್ಲಿ ದೋಷಗಳಿಲ್ಲವೆಂದಲ್ಲ. ಉಪಾಖ್ಯಾನಗಳು ಕೆಲವೆಡೆ ಅತಿಯಾಗಿ ಬೆಳೆಯುತ್ತವೆ. ಸ್ತ್ರೀಪಾತ್ರಗಳು ತೆಳುವಾಗಿವೆ. ಹಂಗೇರಿಯವರನ್ನೂ ಯಹೂದಿಗಳನ್ನೂ ಚಿತ್ರಿಸುವಾಗ ಹಾಶೆಕ್ ತನ್ನ ಕಾಲದ ಪೂರ್ವಗ್ರಹಗಳಿಂದ ಪಾರಾಗಿಲ್ಲ. ಬಯ್ಗುಳ ಯಥೇಚ್ಛವಾಗಿದೆ; ಮಡಿವಂತ ಓದುಗನು ಮೊದಲ ಐವತ್ತು ಪುಟಗಳಲ್ಲೇ ಪುಸ್ತಕ ಮುಚ್ಚಬಹುದು. ಆದರೆ ಮುಚ್ಚದವನಿಗೆ ಸಿಗುವ ಸುಖ ಸಣ್ಣದಲ್ಲ. ಸೇನೆಯ ಗುಪ್ತಲಿಪಿಗೆ ಕೀಲಿಯಾಗಿ ಒಂದು ಜರ್ಮನ್ ಕಾದಂಬರಿಯ ಎರಡನೆಯ ಸಂಪುಟವನ್ನು ಗೊತ್ತುಪಡಿಸಿರುತ್ತಾರೆ. ಹಂಚುವ ಕೆಲಸ ಬಿದ್ದ ಶ್ವೇಯ್ಕ್, ಕಾದಂಬರಿಯನ್ನು ಯಾರಾದರೂ ಎರಡನೆಯ ಸಂಪುಟದಿಂದ ಓದಲು ಆರಂಭಿಸುತ್ತಾರೆಯೇ ಎಂದು ಯೋಚಿಸಿ, ಅಧಿಕಾರಿಗಳಿಗೆಲ್ಲ ಮೊದಲ ಸಂಪುಟವನ್ನೇ ಹಂಚಿಬಿಡುತ್ತಾನೆ. ಇಡೀ ದಳದ ರಹಸ್ಯಸಂದೇಶ ವ್ಯವಸ್ಥೆ ಕುಸಿಯುತ್ತದೆ. ಆ ಸೇನೆಯಲ್ಲಿ ಪುಸ್ತಕವನ್ನು ಪುಸ್ತಕವಾಗಿ ಕಂಡವನು ಅವನೊಬ್ಬನೇ! ಮೂವತ್ತು ವರ್ಷಗಳ ಹತ್ತಿರ ಸಾಹಿತ್ಯ ಪಾಠ ಹೇಳಿದ ನನ್ನಂಥವನಿಗೆ ಇದಕ್ಕಿಂತ ಪ್ರಿಯನಾದ ಕಥಾನಾಯಕ ಯಾರಿದ್ದಾನು?

ಆದ್ದರಿಂದ ಸಹೋದ್ಯೋಗಿ ಮಿತ್ರರಲ್ಲಿ ನನ್ನ ನಿವೇದನೆ ಇಷ್ಟು. ತೌಲನಿಕ ಸಾಹಿತ್ಯವನ್ನು ಸ್ನಾತಕೋತ್ತರ ತರಗತಿಗಳಲ್ಲಿ ಪಾಠ ಹೇಳುವಾಗ ಧರ್ಮಪರೀಕ್ಷೆಯ ಪಕ್ಕದಲ್ಲಿ ಈ ಕಾದಂಬರಿಯ ಎರಡು ಅಧ್ಯಾಯಗಳನ್ನಾದರೂ ಇಡಿ. ಗದಾಯುದ್ಧದ ಪಕ್ಕದಲ್ಲಿ ಮಾರೆಕ್‌ನ ಇತಿಹಾಸವನ್ನಿಡಿ. ಅನುವಾದದಲ್ಲಿ ಓದಿದೆವೆಂದು ನಾಚಬೇಡಿ; ಆದಿಪುರಾಣವನ್ನು ಓದಿದವರು ನಾಚಬೇಕಾದುದಿಲ್ಲ. ನಮ್ಮ ವಿದ್ಯಾರ್ಥಿಗಳು ಯುದ್ಧದ ಭಾಷೆ ಬಹಳ ಅಗ್ಗವಾಗಿರುವ ಕಾಲದಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ವೀರರಸವನ್ನು ಕಲಿಸಲು ದೂರದರ್ಶನದ ಪೆಟ್ಟಿಗೆಗಳೂ ಕೈಯಲ್ಲಿನ ಫೋನುಗಳೂ ಹಗಲಿರುಳು ದುಡಿಯುತ್ತಿವೆ. ಆಜ್ಞೆಯನ್ನು ಪೂರ್ತಿಯಾಗಿ ಕೇಳಿಸಿಕೊಂಡು, ಅದರ ಅರ್ಥವೇನೆಂದು ಮುಗ್ಧವಾಗಿ ಮರಳಿ ಕೇಳುವ ವಿದ್ಯೆಯನ್ನು ಕಲಿಸುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.